ಪುಟ್ಟಿಯ ಇನ್‌ಸ್ಪೆಕ್ಷನ್

ಮನೆಯಲ್ಲಿ ಒಂದು ಮಗುವಿಗೆ ಮಾತು ತಡವಾಯಿತು ಅಂದರೆ ಸಾಕು, ಸುತ್ತಮುತ್ತಲಿನ ದೊಡ್ಡವರಿಗೆಲ್ಲ ಮಾತು ಜಾಸ್ತಿಯಾಗಿಬಿಡುತ್ತದೆ. ನಮ್ಮ ಪುಟ್ಟಿಯ ವಿಷಯದಲ್ಲಿ ಆದದ್ದೂ ಅದೇ. ಎರಡೂವರೆ ವರ್ಷವಾದರೂ ಅವಳು ತುಟಿ ಬಿಚ್ಚಲಿಲ್ಲ. ಅವಳ ಪಾಲಿನದನ್ನೂ ಸೇರಿಸಿ ಮಿಕ್ಕವರೆಲ್ಲ ಮಾತಾಡಿದರು.

ನಾನು ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಂಗನವಾಡಿ ಟೀಚರ್. ನಮ್ಮ ಯಜಮಾನರದು ನಿಟ್ಟೂರಿನಲ್ಲಿ ಟೂ ವೀಲರ್ ರಿಪೇರಿ ಅಂಗಡಿ. ಮನೆಯಲ್ಲಿ ನಾವಿಬ್ಬರು, ಪುಟ್ಟಿ, ನಮ್ಮತ್ತೆ. "ಮಗು ಹೆಸರು ಕರೆದ್ರೆ ತಿರುಗಿ ನೋಡುತ್ತಾ? ಬೇಕಾದ್ದನ್ನ ಬೆರಳು ಮಾಡಿ ತೋರಿಸುತ್ತಾ? ಇಲ್ಲ ಅಂದ್ರೆ ಸುಮ್ನೆ ಕೂರಬೇಡಿ, ಡಾಕ್ಟರಿಗೆ ತೋರ್ಸಿ" ಎಂದು ಊರಿನ ತಾಯಂದಿರಿಗೆಲ್ಲ ವರ್ಷಗಟ್ಟಲೆ ಪಾಠ ಹೇಳಿದವಳು ನಾನು. ನನ್ನ ಮಗಳೇ ತಿರುಗಿ ನೋಡುತ್ತಿಲ್ಲ, ಬೆರಳು ಮಾಡುತ್ತಿಲ್ಲ ಅನ್ನುವುದು ಗೊತ್ತಿದ್ದೂ ಮನೆಯಲ್ಲಿ ಬಾಯಿಬಿಟ್ಟು ಹೇಳುವುದಕ್ಕೆ ಆರು ತಿಂಗಳು ತೆಗೆದುಕೊಂಡೆ. ಹೆದರಿಕೆ, ಇನ್ನೇನಲ್ಲ. ಕೊನೆಗೊಂದು ದಿನ ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು ಹೇಳಿಯೇಬಿಟ್ಟೆ. ಇದು ಆಟಿಸಂ ಇರಬಹುದು, ತುಮಕೂರಿಗೆ ಕರೆದುಕೊಂಡು ಹೋಗಿ ತೋರಿಸೋಣ, ಇದ್ದರೆ ಬೇಗ ಗೊತ್ತಾಗಲಿ, ಇವಳಿಗೆ ಬೇಕಾದ ತರಬೇತಿ ಬೇಗ ಶುರುವಾಗಲಿ ಅಂದೆ.

ತಡವಾಗಿ ಮಾತಾಡುವ ವಂಶ

ಅತ್ತೆ ತಕ್ಷಣ ತೀರ್ಪು ಕೊಟ್ಟರು. "ಏನೂ ಆಗಿಲ್ಲ ಬುಡಮ್ಮ. ನನ್ ಮಗ್ನೂ ನಾಕ್ ವರ್ಸಕ್ಕೇ ಮಾತಾಡಿದ್ದು. ನಮ್ ವಂಸ್ದಲ್ಲೇ ಎಲ್ರಿಗೂ ತಡ."

ಆ ಮಗ ಅಲ್ಲೇ ಕೂತಿದ್ದರು. ನಮ್ಮ ಯಜಮಾನರ ವಿಷಯ ಒಂದಿಷ್ಟು ಹೇಳಬೇಕು. ಉಪ್ಪಿಟ್ಟು ಮಾಡಲಾ, ಚಿತ್ರಾನ್ನ ಮಾಡಲಾ ಅಂತ ಕೇಳಿದರೆ ಗಲ್ಲ ಮೇಲೆತ್ತುತ್ತಾರೆ. ಅದರಲ್ಲಿ ಯಾವುದು ಉಪ್ಪಿಟ್ಟು ಅಂತ ನಾವೇ ತಿಳಿದುಕೊಳ್ಳಬೇಕು. ಅಂಗಡಿಗೆ ಬಂದವರು ಗಾಡಿಯ ಕಷ್ಟಸುಖವನ್ನೆಲ್ಲ ಕಾಲು ಗಂಟೆ ಹೇಳಿಕೊಂಡರೆ "ಸಂಜೆ ಬನ್ನಿ" ಅನ್ನುತ್ತಾರೆ. ಆ ದಿನದ ಭಾಷಣ ಅಲ್ಲಿಗೆ ಮುಗಿಯಿತು.

"ನಾಲ್ಕು ವರ್ಷಕ್ಕೆ ಎಲ್ಲಿ ಶುರು ಮಾಡಿದ್ರು ಅತ್ತೆ?" ಅಂದೆ. "ನಾನು ಮದುವೆಯಾಗಿ ಬಂದು ಒಂಬತ್ತು ವರ್ಷ ಆಯ್ತು, ಇನ್ನೂ ಕಾಯ್ತಾ ಇದೀನಿ."

ಅತ್ತೆಯೂ ನಾನೂ ಒಟ್ಟಿಗೆ ಅವರ ಕಡೆ ತಿರುಗಿದೆವು. ಯಜಮಾನರು ಸ್ವಲ್ಪ ಹೊತ್ತು ಯೋಚಿಸಿ ಬಾಯಿ ತೆರೆದರು. ಉಳಿದಿದ್ದ ಕಾಫಿ ಕುಡಿದು ಮತ್ತೆ ಮುಚ್ಚಿದರು.

ದೇವರಿಗೆ ಕೇಳಿಸಿತು

ತುಮಕೂರಿನಲ್ಲಿ ಅಪಾಯಿಂಟ್‌ಮೆಂಟ್ ಸಿಗುವ ತನಕ ನಾಲ್ಕು ದಿನ ತವರಿಗೆ ಹೋದೆ. ನನ್ನ ತವರು ಕುಣಿಗಲ್ ಕಡೆ, ಮಾರ್ಕೋನಹಳ್ಳಿ ಡ್ಯಾಮಿನ ಹತ್ತಿರ. ಅಮ್ಮ ಮೊದಲ ದಿನವೇ ಬಜೆ ಬೇರು ತೇಯ್ದು ಪುಟ್ಟಿಯ ನಾಲಿಗೆಗೆ ಹಚ್ಚಲು ಹೋದರು. ಯಾವುದನ್ನು ಮಾಡಬೇಡಿ ಅಂತ ನಾನು ಊರಿಗೆಲ್ಲ ಹೇಳುತ್ತೇನೋ ಅದನ್ನು ನಮ್ಮಮ್ಮ ನನ್ನ ಕಣ್ಣೆದುರಿಗೇ ಮಾಡುತ್ತಾರೆ. ನಾನು ಅಡ್ಡ ಬರುವುದರೊಳಗೆ ಪುಟ್ಟಿಯೇ ಅದನ್ನು ಕಿತ್ತುಕೊಂಡು ಅಜ್ಜಿಯ ಸೀರೆಗೆ ಹಚ್ಚಿದಳು.

ಮಾರನೆಯ ದಿನ ದೇವಸ್ಥಾನ. ಮಗುವಿನ ಕೈಯಲ್ಲಿ ಹನ್ನೊಂದು ಸಲ ಗಂಟೆ ಹೊಡೆಸಿದರೆ ನಾಲಿಗೆ ಸಡಿಲವಾಗುತ್ತದೆ ಅಂತ ಯಾರೋ ಹೇಳಿದ್ದರಂತೆ. ಅಮ್ಮ ಪುಟ್ಟಿಯನ್ನು ಎತ್ತಿ ಹಿಡಿದರು. ಹೊಸ ಜಾಗ ಅಂದರೆ ಅಳುವ ಹುಡುಗಿ, ಗಂಟೆ ಒಂದು ಸಲ ಢಣ್ ಅಂದದ್ದೇ ತಡ, ಮುಖ ಅರಳಿಸಿಬಿಟ್ಟಳು. ಹನ್ನೊಂದಾಯಿತು. ಕೆಳಗಿಳಿಸಿದರೆ ಕಿರುಚಾಟ. ಮತ್ತೆ ಎತ್ತಿದೆವು. ಅಮ್ಮನ ರಟ್ಟೆ ಸೋತಾಗ ನಾನು ಎತ್ತಿಕೊಂಡೆ, ನನ್ನದು ಸೋತಾಗ ಹಣ್ಣುಕಾಯಿ ಮಾಡಿಸಲು ಬಂದಿದ್ದ ಯಾರೋ ಪುಣ್ಯಾತ್ಮರು ಎತ್ತಿಕೊಂಡರು. ಅರ್ಧ ಗಂಟೆಯಾದ ಮೇಲೆ ಅರ್ಚಕರು ಎರಡೂ ಕಿವಿ ಮುಚ್ಚಿಕೊಂಡು ಹೊರಗೆ ಬಂದರು.

"ದೇವ್ರಿಗೆ ಕೇಳಿಸ್ತು ತಾಯಿ, ಅದಕ್ಕೆ ನಾನ್ ಜವಾಬ್ದಾರಿ. ಈಗ ದಯಮಾಡಿ ಮಗೂನ ಕರ್ಕೊಂಡೋಗಿ."

ಮೂರು ಜನ ರೆಡಿ

ತುಮಕೂರಿನ ಮಕ್ಕಳ ಡಾಕ್ಟರು ಮೊದಲು ಕಿವಿ ಸರಿಯಾಗಿದೆಯಾ ನೋಡಬೇಕು ಅಂದರು. ಅದಕ್ಕೊಂದು ಪರೀಕ್ಷೆ. ತಲೆಗೆ ವೈರು ಅಂಟಿಸುತ್ತಾರೆ, ಮಗು ನಿದ್ದೆ ಮಾಡುತ್ತಿರಬೇಕು. "ಬೆಳಿಗ್ಗೆ ಬೇಗ ಎಬ್ಬಿಸಿ, ದಾರೀಲಿ ಮಲಗೋಕೆ ಬಿಡಬೇಡಿ, ಇಲ್ಲಿಗೆ ಬಂದು ಮಲಗಲಿ" ಎಂದು ಹೇಳಿ ಕಳಿಸಿದರು.

ನಾವು ಶಿಸ್ತಿನ ಜನ. ಐದು ಗಂಟೆಗೇ ಎದ್ದು ಬಸ್ಸು ಹತ್ತಿದೆವು. ನಾನು ಅಂಗನವಾಡಿ ಹಾಡುಗಳನ್ನೆಲ್ಲ ಹಾಡಿದೆ, ಅತ್ತೆ ಗಿಲಕಿ ಆಡಿಸಿದರು, ಯಜಮಾನರು ಮಾತಿಲ್ಲದೆ ಕಿಟಕಿ ಗಾಜನ್ನು ತೆಗೆದು ಹಾಕಿ ತೆಗೆದು ಹಾಕಿ ಮಾಡಿದರು. ಗುಬ್ಬಿ ದಾಟುವಾಗ ಪುಟ್ಟಿಯ ಕಣ್ಣು ಎಳೆಯತೊಡಗಿತು. ಅತ್ತೆ ಸೆರಗನ್ನು ಒದ್ದೆ ಮಾಡಿ ಮುಖ ಒರೆಸಿದರು. ಹಿಂದಿನ ಸೀಟಿನ ಹೆಂಗಸು ತಡೆಯಲಾರದೆ, "ಪಾಪ, ಮಲಗ್ಲಿ ಬಿಡ್ರಮ್ಮ" ಅಂದರು.

"ಮಲ್ಗಂಗಿಲ್ಲ! ನಿದ್ದೆ ಪರೀಕ್ಷೆ ಐತೆ," ಅಂದರು ಅತ್ತೆ. ಆಮೇಲೆ ಇಡೀ ಬಸ್ಸು ನಮ್ಮನ್ನು ಬೇರೆ ಥರ ನೋಡಿತು.

ಪರೀಕ್ಷೆಯ ಕೋಣೆ ತಣ್ಣಗೆ, ಕತ್ತಲು ಕತ್ತಲು. ಮಿಷನ್ನಿನಲ್ಲೊಂದು ಹಸಿರು ದೀಪ. ಪುಟ್ಟಿಗೆ ಆ ದೀಪ ಕಂಡದ್ದೇ ನಿದ್ದೆ ಹಾರಿಹೋಯಿತು. ಅತ್ತೆ ಜೋಗುಳ ಶುರು ಮಾಡಿದರು, ನಾನು ಬೆನ್ನು ತಟ್ಟುತ್ತಾ ಕೂತೆ. ಸ್ವಲ್ಪ ಹೊತ್ತಿಗೆ ಜೋಗುಳ ನಿಂತಿತು. ಯಜಮಾನರು ಗೋಡೆಗೆ ಒರಗಿ ಗೊರಕೆ ಹೊಡೆಯುತ್ತಿದ್ದುದು ಗೊತ್ತಿತ್ತು. ಆಮೇಲಿನದು ನನಗೆ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಪುಟ್ಟಿ ನಮ್ಮೆಲ್ಲರ ಮಧ್ಯೆ ಚಕ್ಕಂಬಕ್ಕಳ ಹಾಕಿಕೊಂಡು ದೀಪ ನೋಡುತ್ತಾ ಕೂತಿದ್ದಳು. ಪರೀಕ್ಷೆ ಮಾಡುವ ಹುಡುಗಿ ವೈರು ಹಿಡಿದುಕೊಂಡು ನಿಂತಿದ್ದಳು.

"ಮೂರು ಜನ ರೆಡಿ ಆಗಿದ್ರಿ ಮೇಡಂ," ಅಂದಳು. "ಯಾರಿಂದ ಶುರು ಮಾಡ್ಲಿ ಅಂತ ನೋಡ್ತಾ ಇದ್ದೆ."

ಕೊನೆಗೆ ಮಧ್ಯಾಹ್ನದ ಹೊತ್ತಿಗೆ ಪುಟ್ಟಿಯೂ ಮಲಗಿದಳು. ಕಿವಿ ಚೆನ್ನಾಗಿದೆ ಅಂದರು.

ನಮ್ಮ ಕಡೆಯಿಂದ ಒಪ್ಪಿಗೆ

ಆಮೇಲೆ ಆಟಿಸಂ ಹೌದಾ ಅಲ್ಲವಾ ಅಂತ ನೋಡುವ ನಿಜವಾದ ಮೌಲ್ಯಮಾಪನ, ಅದೂ ತುಮಕೂರಿನಲ್ಲೇ, ಇಂಥ ಮಕ್ಕಳಿಗೆ ತರಬೇತಿ ಕೊಡುವ ಒಂದು ಕೇಂದ್ರದಲ್ಲಿ. ಅಲ್ಲಿನ ಮೇಡಂ ಚಿಕ್ಕ ವಯಸ್ಸಿನವರು, ತಾಳ್ಮೆಯವರು. ಮೊದಲ ದಿನ ಬರೀ ಪ್ರಶ್ನೆಗಳು. ಅತ್ತೆ ರೇಷ್ಮೆ ಸೀರೆ ಉಟ್ಟು ಬಂದಿದ್ದರು. ಯಾಕೆ ಅಂತ ನನಗೆ ಆಗ ಹೊಳೆಯಲಿಲ್ಲ.

"ಹೆಸರು ಕರೆದ್ರೆ ತಿರುಗಿ ನೋಡ್ತಾಳಾ?" ಎಂದು ಮೇಡಂ ನನ್ನನ್ನು ಕೇಳಿದರು.

"ತಿರ್ಗಿ ನೋಡದೇನು, ಓಡ್ ಬತ್ತಾಳೆ," ಅಂದರು ಅತ್ತೆ.

"ಎಲ್ಲಿ, ಒಂದ್ಸಲ ಕರೀರಿ ಅಜ್ಜಿ."

ಅತ್ತೆ ಮೂರು ಸಲ ಕರೆದರು. ಪುಟ್ಟಿ ಫ್ಯಾನಿನ ರೆಗ್ಯುಲೇಟರ್ ಬಿಟ್ಟು ಕದಲಲಿಲ್ಲ. "ಈಗ ಕೆಲ್ಸದಲ್ಲವ್ಳೆ," ಅಂದರು ಅತ್ತೆ.

"ಬೇರೆ ಮಕ್ಕಳ ಜೊತೆ ಆಡ್ತಾಳಾ?"

"ಬಲೇ ಹೊಂದ್ಕೊಂಡೋಗೋ ಮಗ ಕಣಮ್ಮ. ಒಬ್ರ ತಂಟೆಗೆ ಹೋಗಲ್ಲ, ಒಬ್ರಿಗೆ ಎದುರ್ ಮಾತಾಡಲ್ಲ."

ಎದುರು ಮಾತೇನು, ಯಾವ ಮಾತೂ ಇಲ್ಲ ಅಂತಲ್ಲವೇ ನಾವು ಇಲ್ಲಿಗೆ ಬಂದಿರುವುದು! ನಾನು ಸೆರಗು ಎಳೆದೆ, ಕಾಲು ತುಳಿದೆ, ಕೇಳಲಿಲ್ಲ. ನಲವತ್ತು ಪ್ರಶ್ನೆಗೂ ಇದೇ ಥರ ಉತ್ತರ. ಊಟ? ಏನಿಟ್ಟರೂ ತಿನ್ನುತ್ತಾಳೆ. ಹಟ? ಹಂಗಂದ್ರೇನು ಅಂತಲೇ ಗೊತ್ತಿಲ್ಲ. ಮೇಡಂ ಪೆನ್ನು ಕೆಳಗಿಟ್ಟರು. ಅತ್ತೆ ಸೆರಗು ಸರಿಮಾಡಿಕೊಂಡು ಎದ್ದು ನಿಂತು ಕೈ ಮುಗಿದರು.

"ನಮ್ ಕಡೆಯಿಂದ ಎಲ್ಲಾ ಒಪ್ಗೆ ತಾಯಿ. ನೀವು ಮನೇಲಿ ಮಾತಾಡ್ಕೊಂಡು ಯಾವಾಗ ತಿಳಿಸ್ತೀರಾ?"

ನಾನು ಮಾಡಿದ ತಯಾರಿ

ಅತ್ತೆಯನ್ನು ಬಸ್ಸಿನುದ್ದಕ್ಕೂ ಬೈದೆ. ಹೆಣ್ಣು ತೋರಿಸುವ ಹಾಗೆ ಹುಳುಕು ಮುಚ್ಚಿಟ್ಟರೆ ಹೇಗೆ ಅಂದೆ. "ನಾಳೆ ಒಂದ್ ಮನೆಗೋಗೋ ಹುಡ್ಗಿ, ಅದಕ್ಕೊಂದ್ ಹೆಸ್ರು ಕಟ್ಬುಟ್ರೆ?" ಅಂದರು. ಎರಡೂವರೆ ವರ್ಷದ ಹುಡುಗಿಗೆ! ನಾನು ಇನ್ನೂ ಸಿಟ್ಟಾದೆ.

ಆದರೆ ಅದಕ್ಕಿಂತ ದೊಡ್ಡ ಘನಕಾರ್ಯ ಮಾಡಿದವಳು ನಾನು.

ಮೇಡಂ ಮೂರು ವಾರ ಬಿಟ್ಟು ಬನ್ನಿ, ಆಟ ಆಡಿಸಿ ನೋಡುತ್ತೇವೆ ಅಂದಿದ್ದರು. ಬ್ಲಾಕು, ಗೊಂಬೆ ಎಲ್ಲ ಕಪಾಟಿನಲ್ಲಿ ಇದ್ದದ್ದನ್ನು ನಾನು ನೋಡಿಟ್ಟುಕೊಂಡಿದ್ದೆ. ನಮ್ಮ ಅಂಗನವಾಡಿಗೆ ಸೂಪರ್‌ವೈಸರ್ ಬರುತ್ತಾರೆ ಅಂದರೆ ನಾವೇನು ಮಾಡುತ್ತೇವೆ? ವಾರದ ಮುಂಚೆಯೇ ಮಕ್ಕಳಿಗೆ ಹಾಡು ಬಾಯಿಪಾಠ, ನಮಸ್ತೆ ಹೇಳುವ ತಾಲೀಮು, ಚಾಪೆ ಮಡಚುವ ತಾಲೀಮು. ಸೂಪರ್‌ವೈಸರ್ ಬರುವ ಹೊತ್ತಿಗೆ ಮಕ್ಕಳು ಫಳಫಳ. ಆ ಅಭ್ಯಾಸ ನನ್ನ ರಕ್ತದಲ್ಲೇ ಇದೆ. ಮೂರು ವಾರ ಬೆಳಿಗ್ಗೆ ಸಂಜೆ ಪುಟ್ಟಿಗೆ ತಾಲೀಮು ಕೊಟ್ಟೆ. ಬ್ಲಾಕು ಜೋಡಿಸು, ಗೊಂಬೆಗೆ ಊಟ ಮಾಡಿಸು, ಟಾಟಾ ಮಾಡು. ಒಂದೊಂದು ಸಲ ಮಾಡಿದಾಗಲೂ ಒಂದೊಂದು ಒಣದ್ರಾಕ್ಷಿ. ಹುಡುಗಿ ಬುದ್ಧಿವಂತೆ, ಎಲ್ಲ ಕಲಿತಳು.

ಆ ದಿನ ಬಂತು. ಮೇಡಂ ನೆಲದ ಮೇಲೆ ಕೂತು ಆಟಿಕೆಗಳನ್ನು ಸುರಿದರು, ಇನ್ನೂ ಏನೂ ಹೇಳಿರಲಿಲ್ಲ. ಪುಟ್ಟಿ ಹೋದವಳೇ ಆರು ಬ್ಲಾಕು ಒಂದರ ಮೇಲೊಂದು ಇಟ್ಟಳು. ಗೊಂಬೆಯ ಬಾಯಿಗೆ ಒಂದು ಚಮಚ ಇಟ್ಟಳು. ಎದ್ದು ಗೋಡೆಗೆ ಟಾಟಾ ಮಾಡಿದಳು. ಕೂತಿದ್ದ ಚಾಪೆಯನ್ನು ಮಡಚಿ ಮೂಲೆಗಿಟ್ಟಳು. ಒಬ್ಬರ ಮುಖವನ್ನೂ ನೋಡದೆ ನೇರ ನನ್ನ ಹತ್ತಿರ ಬಂದು, ನನ್ನ ಕೈ ಹಿಡಿದು ಒಣದ್ರಾಕ್ಷಿ ಇದ್ದ ಬ್ಯಾಗಿನ ಮೇಲೆ ಇಟ್ಟಳು.

ಮೇಡಂ ಮಡಚಿದ ಚಾಪೆ ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಮೇಡಂ, ನೀವು ಅಂಗನವಾಡಿ ಟೀಚರಾ?"

ಕೊನೆಗೂ ಬಾಯಿ ಬಿಟ್ಟವರು

ಹೌದು ಅಂದದ್ದೇ ಮೇಡಂ ನಕ್ಕುಬಿಟ್ಟರು. ನಗು ನಿಂತ ಮೇಲೆ ನಿಧಾನವಾಗಿ ಹೇಳಿದರು. "ಇಲ್ಲಿ ಪಾಸು ಫೇಲು ಅಂತ ಇಲ್ಲ. ನೀವು ಕಲಿಸಿಕೊಟ್ಟಿದ್ದನ್ನ ನೋಡಿ ನಾನು ಏನೂ ತೊಂದ್ರೆ ಇಲ್ಲ ಅಂತ ಬರೆದು ಕಳಿಸಿದ್ರೆ, ಇವಳಿಗೆ ಈಗ ಸಿಗಬೇಕಾದ ಸಹಾಯ ಎಷ್ಟು ದಿನ ಮುಂದಕ್ಕೆ ಹೋಗುತ್ತೆ ಹೇಳಿ. ಮನೇಲಿ ಹೇಗಿರ್ತಾಳೋ ಇದ್ದದ್ದನ್ನ ಇದ್ದ ಹಾಗೆ ಹೇಳಿ."

ಇದೇ ಮಾತನ್ನು ನಾನು ಎಷ್ಟು ತಾಯಂದಿರಿಗೆ ಹೇಳಿಲ್ಲ! ನನಗೆ ಅಳು ಬಂತು. ನಾಚಿಕೆಯೂ ಆಯಿತು. ಅತ್ತೆ ರೇಷ್ಮೆ ಸೀರೆಯ ಅಂಚು ತಿರುಚುತ್ತಾ ನೆಲ ನೋಡುತ್ತಿದ್ದರು.

ಅಷ್ಟರಲ್ಲಿ ಒಂದು ಗಂಡಸಿನ ದನಿ ಕೇಳಿಸಿತು. ಯಾರೋ ಒಳಗೆ ಬಂದರು ಅಂತ ನಾನು ಬಾಗಿಲ ಕಡೆ ನೋಡಿದೆ. ಬಾಗಿಲು ಮುಚ್ಚಿತ್ತು. ಮಾತಾಡುತ್ತಿದ್ದವರು ನಮ್ಮ ಯಜಮಾನರು.

"ನೀರ್ ಬೇಕು ಅಂದ್ರೆ ತೋರ್ಸಲ್ಲ ಮೇಡಂ. ಈಗ ಮಾಡಿದ್ಲಲ್ಲ, ಹಂಗೇ ನನ್ ಕೈ ಹಿಡ್ಕೊಂಡೋಗಿ ಬಿಂದಿಗೆ ಮೇಲೆ ಇಡ್ತಾಳೆ. ಮುಖ ನೋಡಲ್ಲ, ಕೈ ಮಾತ್ರ."

ಮೇಡಂ ಪೆನ್ನು ತೆಗೆದರು. ಯಜಮಾನರು ನಿಲ್ಲಿಸಲಿಲ್ಲ. ಭಾನುವಾರ ಅಂಗಡಿಗೆ ಕರೆದುಕೊಂಡು ಹೋದರೆ ನಟ್ಟುಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸುತ್ತಾಳೆ, ಒಂದು ತಪ್ಪಿಹೋದರೂ ಅದು ಸಿಗುವ ತನಕ ಅಳುತ್ತಾಳೆ. ಗ್ರೈಂಡರ್ ಹಾಕಿದರೆ ಕಿವಿ ಮುಚ್ಚಿಕೊಳ್ಳುತ್ತಾಳೆ. ಬೀದಿಯಲ್ಲಿ ಹತ್ತು ಗಾಡಿ ಬಂದರೂ ಇವರ ಗಾಡಿಯ ಶಬ್ದಕ್ಕೆ ಮಾತ್ರ ಬಾಗಿಲಿಗೆ ಓಡಿ ಬರುತ್ತಾಳೆ, ಬಂದವಳು ಇವರನ್ನಲ್ಲ, ಚಕ್ರ ನೋಡುತ್ತಾಳೆ. ಹಸಿವಾದರೆ ಗುನುಗುವ ದನಿಯೇ ಬೇರೆ, ನಿದ್ದೆ ಬಂದರೆ ಗುನುಗುವ ದನಿಯೇ ಬೇರೆ. ಎರಡನ್ನೂ ಅಲ್ಲೇ ಗುನುಗಿ ತೋರಿಸಿದರು. ಮೇಡಂ ಪುಟ ತಿರುಗಿಸಿದರು, ಮತ್ತೊಂದು ಹಾಳೆ ತೆಗೆದುಕೊಂಡರು. ಅತ್ತೆ ಬಾಯಿ ತೆರೆದವರು ಮುಚ್ಚಿರಲಿಲ್ಲ.

"ಇಷ್ಟೆಲ್ಲಾ ಗೊತ್ತಿತ್ತಾ? ನಂಗ್ಯಾಕ್ರೀ ಒಂದಿನಾನೂ ಹೇಳ್ಲಿಲ್ಲ?" ಅಂದೆ, ಅಳುತ್ತಲೇ.

"ನೀವಿಬ್ರೂ ಬಿಡ್ಬೇಕಲ್ಲ," ಅಂದು ಮತ್ತೆ ಮೇಡಂ ಕಡೆ ತಿರುಗಿ ಮುಂದುವರಿಸಿದರು.

ಆಮೇಲೆ ಮೇಡಂ ಒಣದ್ರಾಕ್ಷಿ ಇಲ್ಲದೆ, ತಾಲೀಮು ಇಲ್ಲದೆ ಪುಟ್ಟಿಯ ಜೊತೆ ಬಹಳ ಹೊತ್ತು ಆಡಿದರು. ಎಲ್ಲ ಮುಗಿದ ಮೇಲೆ ನಮ್ಮನ್ನು ಕೂರಿಸಿಕೊಂಡು ಹೇಳಿದರು: ಹೌದು, ಇದು ಆಟಿಸಂ. ವಾರಕ್ಕೆ ಎರಡು ದಿನ ಬನ್ನಿ, ಮಿಕ್ಕ ದಿನ ಮನೆಯಲ್ಲಿ ಏನು ಮಾಡಬೇಕು ಅಂತ ಹೇಳಿಕೊಡುತ್ತೇವೆ. ಮಾತು ಎಷ್ಟು ಬರುತ್ತದೆ ಅಂತ ಈಗಲೇ ಹೇಳಲಾಗದು, ಆದರೆ ಬೇಕಾದ್ದನ್ನು ಕೇಳುವ ದಾರಿ ಇವತ್ತಿನಿಂದಲೇ ಕಲಿಸೋಣ.

ಗೊತ್ತಿದ್ದ ವಿಷಯವೇ, ಆದರೂ ಪುಟ್ಟಿಯನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡೆ. ಜೊತೆಗೆ, ಸರಿಯಾದ ಜಾಗಕ್ಕೆ ಬಂದೆವು ಅಂತ ಧೈರ್ಯವೂ ಬಂತು. ನನಗಿದ್ದ ಭಯ ಅತ್ತೆಯದು. ಹೆಸರು ಕಟ್ಟಬೇಡಿ ಅಂತ ಜಗಳ ತೆಗೆಯುತ್ತಾರೇನೋ ಅಂತ ಅವರ ಕಡೆ ನೋಡಿದೆ. ಅತ್ತೆ ಕಣ್ಣು ಒರೆಸಿಕೊಂಡರು. ಮಗನನ್ನೊಮ್ಮೆ ಮೇಲಿಂದ ಕೆಳಗೆ ನೋಡಿದರು. ಆಮೇಲೆ ಮೇಡಂ ಕೈ ಹಿಡಿದುಕೊಂಡರು.

"ನಾವ್ ವಾರಕ್ಕೆ ಎರಡ್ ದಿನ ಅಲ್ಲ, ನಾಕ್ ದಿನ ಬೇಕಾದ್ರೂ ಬತ್ತೀವಿ ಕಣವ್ವ. ಮೂವತ್ತೇಳ್ ವರ್ಸದಿಂದ ನನ್ ಕೈಲಾಗಿರ್ಲಿಲ್ಲ, ಇವನ್ ಬಾಯ್ನೇ ಅರ್ಧ ಗಂಟೇಲಿ ಬುಡಿಸ್ದೆ ನೀನು. ಈ ಕೂಸಿಂದು ನಿಂಗ್ಯಾವ್ ಲೆಕ್ಕ!"