ಜಿಡ್ಡು ಬಿಡದ ಬಂದೂಕು

ಎಲ್ಲ ಶುರುವಾದದ್ದು ಜಿಡ್ಡಿನಿಂದ.

ರಷ್ಯದ ಸೈನ್ಯ ತನ್ನ ಹಳೇ ಬಂದೂಕುಗಳನ್ನು ಉಗ್ರಾಣಕ್ಕೆ ಹಾಕುವಾಗ ತುಕ್ಕು ಹಿಡಿಯದಿರಲೆಂದು ಕಂದು ಬಣ್ಣದ ಜಿಡ್ಡು ಬಳಿಯುತ್ತಿತ್ತು. ಈ ಬಂದೂಕಿಗೆ ಬಳಿದವನಂತೂ ಮುಂದೆ ಕೊಳ್ಳುವವನ ಮೇಲೆ ಯಾವುದೋ ಹಗೆ ಇಟ್ಟುಕೊಂಡೇ ಬಳಿದಿದ್ದ. ಶುಕ್ರವಾರ ಸಂಜೆ ಎಲ್‌ವುಡ್ ಟ್ಯಾಕೆಟ್ ಅದನ್ನು ಬಂದೂಕಿನ ಸಂತೆಯಿಂದ ಅಮೆರಿಕದ ತನ್ನ ಗಣಿಯೂರು ಕೋಲ್ ಫೋರ್ಕಿಗೆ ಹೊತ್ತು ತಂದ. ಹೊತ್ತು ತಂದ ಅನ್ನುವುದಕ್ಕಿಂತ ಅಂಟಿಸಿಕೊಂಡು ಬಂದ ಅನ್ನಬೇಕು.

ಮರುದಿನ ಮಧ್ಯಾಹ್ನ ಊರಿನ ಬಂದೂಕು ಕ್ಲಬ್ಬಿನಲ್ಲಿ ಹಳೇ ಸೈನ್ಯದ ಬಂದೂಕುಗಳ ಪಂದ್ಯವಿತ್ತು. ಎಲ್‌ವುಡ್‌ಗೆ ಬಹುಮಾನದ ಆಸೆ ಇರಲಿಲ್ಲ. ಪಂದ್ಯ ನಡೆಸುವವನು ಅವನ ಮಾವ ಬರ್ಲ್ ಸ್ಟಿಡಮ್. ಸೈನ್ಯ ಕಂಡವನು, ಆಮೇಲೆ ಗಣಿಯಲ್ಲಿ ಬೆನ್ನು ಸವೆಸಿದವನು. ಮಗಳನ್ನು ಕೊಟ್ಟು ಇಷ್ಟು ವರ್ಷವಾದರೂ ಅವನ ಬಾಯಲ್ಲಿ ಅಳಿಯನ ಹೆಸರು ಒಮ್ಮೆಯೂ ಬಂದಿರಲಿಲ್ಲ. ಎಲ್ಲದಕ್ಕೂ "ಏಯ್ ಹುಡುಗಾ". ಹುಡುಗನ ನೆತ್ತಿ ಬೋಳಾಗಿತ್ತು, ಹುಡುಗನ ಮಗಳು ಕಾಲೇಜು ಸೇರಿದ್ದಳು. ಆದರೆ ಟೈರ್ ಅಂಗಡಿಯಲ್ಲಿ ಪಂಕ್ಚರ್ ಹಾಕುವವನು ಬರ್ಲ್‌ನ ಲೆಕ್ಕದಲ್ಲಿ ಇನ್ನೂ ಗಂಡಸಾಗಿರಲಿಲ್ಲ. ಮಾವನ ಮೈದಾನದಲ್ಲೇ ಬಂದೂಕು ಹಿಡಿದು ಗುರಿಯಿಟ್ಟು ಮಲಗಿದರೆ ಒಂದು ಸಲವಾದರೂ ಹೆಸರು ಹಿಡಿದು ಕರೆದಾನು ಎಂಬುದು ಎಲ್‌ವುಡ್‌ನ ಆಸೆ. ನಕ್ಕರೆ ನಗಿ. ಮನುಷ್ಯರು ಇದಕ್ಕಿಂತ ಸಣ್ಣ ಆಸೆಗಳಿಗೆ ಜೀವ ತೇಯ್ದಿದ್ದಾರೆ.

ಶನಿವಾರ ಬೆಳಿಗ್ಗೆ ಎದ್ದವನೇ ಬಂದೂಕು ಬಿಚ್ಚಿದ. ಮರಕ್ಕೆ ಇಳಿದ ಜಿಡ್ಡು ಬೆವರಿ ಹೊರಬರಬೇಕಾದರೆ ಬಿಸಿ ತಾಗಬೇಕು. ಹಳೇ ಬಂದೂಕಿನವರೆಲ್ಲ ಮಾಡುವಂತೆ ಮರದ ಹಿಡಿಯನ್ನು ಹಾಳೆಯಲ್ಲಿ ಸುತ್ತಿ ಅಡುಗೆಮನೆಯ ಒಲೆಯ ಓವನ್ನಿನೊಳಗೆ ತೂರಿಸಿದ. ಕೆಳಗಿನ ತಟ್ಟೆಯಲ್ಲಿ ಏನಿದೆ ಎಂದು ನೋಡಲಿಲ್ಲ.

"ಎಲ್‌ವುಡ್! ನನ್ನ ಪೀಚ್ ಪೈ ಯಾಕೆ ಟ್ರ್ಯಾಕ್ಟರ್ ವಾಸನೆ ಹೊಡೀತಿದೆ?" ಹೆಂಡತಿ ನೋರ್ಮಾ ಕಿರುಚಿದಳು.

"ಮರ ಬೇಯ್ತಿದೆ ನೋರ್ಮಾ. ಇನ್ನೊಂದು ಸ್ವಲ್ಪ ಹೊತ್ತು."

"ಚರ್ಚಿನ ಹೆಂಗಸರಿಗೆ ಏನಂತ ಹೇಳ್ಲಿ? ರಷ್ಯದ ಸಿಪಾಯಿ ಬೆರಳು ಅದ್ದಿದ ಪೈ, ಪುಣ್ಯ ಬರುತ್ತೆ ತಿನ್ನಿ ಅಂತಲಾ? ತೆಗಿ! ಅದನ್ನೂ ತೆಗಿ, ನೀನೂ ಹೊರಗೆ ನಡಿ!"

ಮರವೂ ಅವನೂ ಅಂಗಳಕ್ಕೆ ಬಿದ್ದರು. ಬೇಲಿಯ ಮೇಲೆ ಪಕ್ಕದ ಮನೆಯ ವರ್ನಾನ್‌ನ ತಲೆ ಆಗಲೇ ಮೂಡಿತ್ತು. ವರ್ನಾನ್ ಸೈನ್ಯದಲ್ಲಿ ಬೀನ್ಸ್ ಬೇಯಿಸುತ್ತಿದ್ದವನು. ಮಾತು ಕೇಳಿದರೆ ಮಾತ್ರ ಯುದ್ಧವನ್ನೇ ಬೇಯಿಸಿ ಕೆಳಗಿಳಿಸಿದವನ ಹಾಗೆ.

"ಒಲೆಗೆ ಹಾಕ್ತಾರೇನೋ ಮಾರಾಯ? ಕಪ್ಪು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಿಸಿಲಲ್ಲಿಡು. ಬೆಣ್ಣೆ ಹಾಗೆ ಕರಗುತ್ತೆ."

ಅಪರೂಪಕ್ಕೆ ವರ್ನಾನ್ ಹೇಳಿದ್ದು ಸರಿಯಾಗಿತ್ತು. ಎಲ್‌ವುಡ್ ಮರವನ್ನು ಚೀಲದಲ್ಲಿ ಕಟ್ಟಿ ಗೋಡೆಗೆ ಒರಗಿಸಿ, ಶೆಡ್ಡಿನಲ್ಲಿ ಕೂತು ಕಬ್ಬಿಣವನ್ನು ಸೀಮೆಎಣ್ಣೆಯಲ್ಲಿ ಉಜ್ಜತೊಡಗಿದ. ಸ್ವಲ್ಪ ಹೊತ್ತಿಗೆ ಹೊರಬಂದು ನೋಡಿದರೆ ಗೋಡೆಯ ಬಳಿ ಚೀಲವಿಲ್ಲ.

"ಅಲ್ಲಿ ನೆರಳು ಬಂತು ಕಣೋ," ವರ್ನಾನ್ ಹೆಮ್ಮೆಯಿಂದ ಹೇಳಿದ. "ನಾನೇ ಎತ್ತಿ ರಸ್ತೆ ಬದಿ ಇಟ್ಟೆ. ಅಲ್ಲಿ ಬಿಸಿಲು ಚುರ್ ಅಂತಿದೆ."

"ರಸ್ತೆ ಬದಿ ಎಲ್ಲಿ?"

"ಕಸದ ಡಬ್ಬಿ ಪಕ್ಕ."

ಡಬ್ಬಿಯ ಪಕ್ಕ ಏನೂ ಇರಲಿಲ್ಲ. ಬೀದಿಯ ತುದಿಯಲ್ಲಿ ಕಸದ ಲಾರಿ ತಿರುಗಿ ಹೋಗುತ್ತಿತ್ತು. ಎಲ್‌ವುಡ್ ತನ್ನ ಪಿಕಪ್ ಹತ್ತಿ ಹಾರ್ನ್ ಬಾರಿಸುತ್ತ ಬೆನ್ನಟ್ಟಿದ. ಸೇತುವೆಯ ಬಳಿ ಲಾರಿ ನಿಂತಿತು.

"ನಿಮ್ಮ ಕಸದ ಜೊತೆ ನನ್ನ ಬಂದೂಕು ಇದೆ ಅಣ್ಣ!"

ಲಾರಿಯವನು ಅವನನ್ನು ಮೇಲಿಂದ ಕೆಳಗೆ ನೋಡಿದ. "ಹತ್ತಿ ಹುಡುಕ್ಕೋ. ಬಂದೂಕು ಸಿಕ್ರೆ ನಿಂದು. ಸತ್ತ ಬೆಕ್ಕು ಸಿಕ್ರೆ ಅದೂ ನಿಂದೇ."

ಬೆಕ್ಕು ಸಿಗಲಿಲ್ಲ. ಯಾರೋ ಎಸೆದಿದ್ದ, ಟೊಮೇಟೊ ಮೆತ್ತಿದ ಇಟಲಿ ಶಾವಿಗೆ ಸ್ಪಗೆಟ್ಟಿಯ ರಾಶಿಯೊಳಗೆ ಚೀಲ ಹರಿದು ಬಿದ್ದಿತ್ತು. ಜಿಡ್ಡಿಗೆ ಸ್ಪಗೆಟ್ಟಿ ಅಂಟಿಕೊಂಡು ಬಂದೂಕಿನ ಹಿಡಿಗೆ ಮೀಸೆ ಮೂಡಿತ್ತು.

ಮನೆಗೆ ಬಂದರೆ ವರ್ನಾನ್ ಉಪ್ಪುಕಾಗದ, ವಾರ್ನಿಷ್ ಡಬ್ಬಿ ಹಿಡಿದು ಸಿದ್ಧನಾಗಿದ್ದ. ಬೀದಿಯ ನಾಲ್ಕಾರು ಗಂಡಸರೂ ಸೇರಿದ್ದರು. ಒಬ್ಬೊಬ್ಬರ ಕೈಯಲ್ಲೂ ಒಂದು ಬಿಯರ್, ಒಂದು ಸಲಹೆ.

"ಕೊಡು ಇಲ್ಲಿ. ಈ ಗೀರೆಲ್ಲ ಉಜ್ಜಿ ಪಿಯಾನೋ ಥರ ಮಿಂಚಿಸ್ತೀನಿ," ವರ್ನಾನ್ ಕೈ ಚಾಚಿದ.

ಎಲ್‌ವುಡ್ ಮರವನ್ನು ಎದೆಗೆ ಅವಚಿಕೊಂಡ. "ಮುಟ್ಟಿದ್ರೆ ನೋಡು! ಉಜ್ಜಿದ್ರೆ ಮಾವ ಪಂದ್ಯಕ್ಕೇ ಸೇರಿಸಲ್ಲ. ಸೈನ್ಯ ಕೊಟ್ಟ ಹಾಗೇ ಇರ್ಬೇಕು, ಗೀರೂ ಸೇರಿ!"

"ಸ್ಪಗೆಟ್ಟೀನೂ ಸೈನ್ಯಾನೇ ಕೊಟ್ಟಿದ್ದಾ?"

ಗುಂಪು ಘೊಳ್ಳೆಂದಿತು. ಎಲ್‌ವುಡ್ ಶೆಡ್ಡಿನ ಬಾಗಿಲು ಹಾಕಿಕೊಂಡ. ಚಿಂದಿಯಿಂದ ಒರೆಸುತ್ತಿದ್ದಂತೆ ಮರದ ಒಂದು ಜಾಗ ಬೆರಳಿಗೆ ನುಣುಪಾಗಿ ಸಿಕ್ಕಿತು. ಯಾರದೋ ಅಂಗೈ ಸವೆಸಿದ ಜಾಗ. ಹಿಮದಲ್ಲಿ ಇದನ್ನು ಹಿಡಿದು ನಡೆದವನಿಗೆ ಎಷ್ಟು ವಯಸ್ಸೋ. ಅವನಿಗೂ ಮೇಲಧಿಕಾರಿಯೊಬ್ಬ "ಏಯ್ ಹುಡುಗಾ" ಅಂತಲೇ ಕೂಗುತ್ತಿದ್ದನೋ ಏನೋ. ಹೆಸರು ಕೇಳಿಸಿಕೊಳ್ಳುವ ಮೊದಲೇ ಸತ್ತನೋ, ಮನೆ ಸೇರಿದನೋ. ಎಲ್‌ವುಡ್ ಒರೆಸುವುದನ್ನು ನಿಲ್ಲಿಸಿ ಅದೇ ಜಾಗದಲ್ಲಿ ತನ್ನ ಅಂಗೈ ಇಟ್ಟ.

ಹೊರಗೆ ಮೈದಾನಕ್ಕೆ ಹೊರಟವರ ಹಾರ್ನ್ ಕೇಳಿದಾಗ ಪಂದ್ಯದ ಹೊತ್ತಾಗಿತ್ತು. ಗಡಿಬಿಡಿಯಲ್ಲಿ ಜೋಡಿಸಿದ. ಮರಕ್ಕೆ ಅಷ್ಟು ಜನ ಬಾಯಿ ಹಾಕಿದರಲ್ಲ, ಗುಂಡು ಕೂರುವ ಗೂಡಿನೊಳಗೆ ಇನ್ನೂ ಜಿಡ್ಡಿದೆಯಾ ಎಂದು ಕೇಳಿದವನು ಒಬ್ಬನೂ ಇಲ್ಲ. ಸಲಹೆ ಕೊಡುವ ಜನ್ಮಗಳೇ ಹಾಗೆ. ಕಣ್ಣಿಗೆ ಕಾಣುವುದನ್ನು ಉಜ್ಜಲು ಊರೇ ಬರುತ್ತದೆ.

ಮೈದಾನದಲ್ಲಿ ಬರ್ಲ್ ಬಂದೂಕನ್ನು ತಿರುಗಿಸಿ ನೋಡಿದ, ಗೀರುಗಳ ಮೇಲೆ ಹೆಬ್ಬೆರಳು ಎಳೆದ, ಮೂಸಿದ.

"ಟೊಮೇಟೊ ವಾಸನೆ ಬರ್ತಿದೆಯಲ್ಲೋ ಹುಡುಗಾ?"

"ಸೈನ್ಯದ ವಾಸನೆ ಮಾವ."

"ಯಾವ ಸೈನ್ಯ, ಇಟಲೀದಾ?" ಎಂದ. ಆದರೂ ಒಳಗೆ ಬಿಟ್ಟ.

ಸಾಲಾಗಿ ಮಲಗಿದರು. ಬರ್ಲ್ ಸೀಟಿ ಊದಿದ. ಎಲ್‌ವುಡ್‌ನ ಮೊದಲ ಗುಂಡು ಸಲೀಸಾಗಿ ಹೋಯಿತು. ಎರಡನೆಯದು ಹಾಕಲು, ಖಾಲಿ ತೋಟಾ ಹೊರಗೆಳೆಯುವ ಬೋಲ್ಟಿನ ಹಿಡಿ ಎತ್ತಿದರೆ ಅದು ಏಳಲಿಲ್ಲ. ಗುಂಡಿನ ಕಾವಿಗೆ ಗೂಡಿನ ಜಿಡ್ಡು ಕರಗಿ, ಆ ತೋಟಾವನ್ನು ಬಂದೂಕಿಗೇ ಬೆಸೆದುಬಿಟ್ಟಿತ್ತು. ಪಕ್ಕದಲ್ಲಿ ಮಲಗಿದ್ದವನು ಒಂದು ಮರದ ತುಂಡು ತಳ್ಳಿದ. ಎಲ್‌ವುಡ್ ನಳಿಗೆಯನ್ನು ಗುರಿಯ ಕಡೆಗೇ ಇಟ್ಟುಕೊಂಡು ಹಿಡಿಯನ್ನು ಕೆಳಗಿನಿಂದ ಬಾರಿಸಿದ. ದಡ್! ಬಾಯಿ ತೆರೆಯಿತು.

ಆಮೇಲೆ ಪ್ರತಿ ಗುಂಡಿಗೂ ಅದೇ ಪೂಜೆ. ಹಗ್ಗದಾಚೆ ವರ್ನಾನ್ ಕೂಗುತ್ತಿದ್ದ: "ಬಂದೂಕು ಹೊಡೀತಿದೀಯೋ, ಟೈರ್ ಬಿಚ್ತಿದೀಯೋ?" ಉಳಿದವರೆಲ್ಲ ಮುಗಿಸಿ ಕಿವಿಮುಚ್ಚಿಗೆ ತೆಗೆದರೂ ಎಲ್‌ವುಡ್ ಬಾರಿಸುತ್ತಲೇ ಇದ್ದ. ಅರ್ಧ ಗುಂಡುಗಳು ಹಾಗೇ ಉಳಿದಿರುವಾಗ ಕೊನೆಯ ಸೀಟಿ ಬಿತ್ತು.

ಅಂಕದಲ್ಲಿ ಅವನೇ ಕಡೆಯವನು. ಆದರೆ ಅವನ ಗುರಿಹಲಗೆಯ ಮುಂದೆ ಬರ್ಲ್ ಬಹಳ ಹೊತ್ತು ನಿಂತ. ಹೊಡೆದಷ್ಟೂ ಗುಂಡು ನಟ್ಟನಡುವೆ ಒಂದನ್ನೊಂದು ತಾಗಿಕೊಂಡು ಕೂತಿದ್ದವು. ಅವಸರಪಡಲು ಬಂದೂಕೇ ಬಿಟ್ಟಿರಲಿಲ್ಲ.

ಬರ್ಲ್ ತನ್ನ ಕಾಫಿ ಲೋಟ ಎತ್ತಿಕೊಂಡು ಬಂದ. ಎಲ್ಲರೂ ಎದ್ದು ನಿಂತರು. ಹೊಸದಾಗಿ ಬಂದ ಹಳೇ ಬಂದೂಕಿಗೆ ಹೆಸರಿಡದೆ ಮನೆಗೆ ಕಳಿಸುವ ರೂಢಿ ಆ ಕ್ಲಬ್ಬಿನಲ್ಲಿಲ್ಲ. ಒಬ್ಬನದು ಮಾರ್ಥಾ ಅಜ್ಜಿ, ಇನ್ನೊಬ್ಬನದು ಹೇಸರಗತ್ತೆ.

"ಮೈಯೆಲ್ಲ ಜಿಡ್ಡು," ಬರ್ಲ್ ಹೇಳಿದ. "ವಾಸನೆ ಬೇರೆ. ಬಾರಿಸದೇ ಬಾಯಿ ಬಿಡಲ್ಲ. ಎಲ್ಲರಿಗಿಂತ ಹಿಂದೆ. ಆದ್ರೆ ಹಿಡಿದಿದ್ದನ್ನ ಬಿಡಲ್ಲ, ಇಟ್ಟ ಗುರೀನೂ ತಪ್ಪಲ್ಲ. ಇಂಥದ್ದಕ್ಕೆ ನನಗೆ ಗೊತ್ತಿರೋದು ಒಂದೇ ಹೆಸರು."

ಮಗುವಿಗೆ ಹೆಸರಿಡುವ ಪಾದ್ರಿಯ ಹಾಗೆ ಮರದ ಹಿಡಿಯ ಮೇಲೆ ನಾಲ್ಕು ಹನಿ ಕಾಫಿ ಚಿಮುಕಿಸಿದ.

"ಎಲ್‌ವುಡ್."

ಚಪ್ಪಾಳೆ ಬಿತ್ತು. ವರ್ನಾನ್ ಕೂಡ ಹೊಡೆದ. ಎಲ್‌ವುಡ್ ಜಿಡ್ಡಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಮುಂದೆ ಚಾಚಿದ. ಬರ್ಲ್ ಬಂದೂಕಿನ ಬೆನ್ನನ್ನು ಮೆಲ್ಲಗೆ ಎರಡು ಸಲ ತಟ್ಟಿ, ಅಳಿಯನ ಕೈಗಿತ್ತ.

"ಎಲ್‌ವುಡ್‌ಗೆ ತುಕ್ಕು ಹಿಡಿಸಬೇಡ," ಎಂದ. "ಹುಷಾರಾಗಿ ನೋಡ್ಕೋ, ಹುಡುಗಾ."