ಅಗ್ರಲೇಖ ಖಾಲಿ

ನಮ್ಮ ಮಾವನವರಿಗೆ ಹೆಂಡತಿ ಒಬ್ಬರೇ, ಸಂಸಾರ ಮಾತ್ರ ಎರಡು! ಎರಡನೆಯದು ಸಣ್ಣ ಪತ್ರಿಕೆಗಳ ಸಂಘ. ಪುಣೆ ಸುತ್ತಮುತ್ತಲಿನ ವಾರಪತ್ರಿಕೆಯವರೆಲ್ಲ ಸೇರಿ ಕಟ್ಟಿಕೊಂಡ ಈ ಸಂಘಕ್ಕೆ ಅವರು ಕಾರ್ಯದರ್ಶಿ. ನಿಗಡಿಯ ನಮ್ಮ ಮನೆಯ ಕೆಳಗೇ ಅವರ ಮುದ್ರಣಾಲಯ. ಅಲ್ಲಿಂದ ಒಂದು ಮರಾಠಿ ವಾರಪತ್ರಿಕೆ. ಹಿರಿಯರು ಧಾರವಾಡದ ಕಡೆಯವರಾದ್ದರಿಂದ ಮನೆಯಲ್ಲಿ ಕನ್ನಡ, ಮೆಟ್ಟಿಲಿಳಿದರೆ ಮರಾಠಿ.

ಸಂಘದ ಗಾಳಿ ಮನೆಗೂ ಬೀಸುತ್ತದೆ. ಮೈಸೂರಿನಿಂದ ಸೊಸೆಯಾಗಿ ಬಂದ ಹೊಸದರಲ್ಲಿ, "ನಾಳೆ ತಿಂಡಿಗೆ ಉಪ್ಪಿಟ್ಟು ಮಾಡಲಾ ಮಾವ?" ಎಂದು ಕೇಳಿದೆ.

"ಸೂಚನಾ ಬಂತು. ಅನುಮೋದಕರು ಯಾರು?" ಎಂದರು.

ನನ್ನವರು ಪೇಪರಿನ ಹಿಂದೆ ಅಡಗಿಕೊಂಡರು. ಕೊನೆಗೆ ಅತ್ತೆಯೇ ಅನುಮೋದಿಸಿ, ಬೆಳಿಗ್ಗೆ ಅವಲಕ್ಕಿ ಒಗ್ಗರಣೆ ಹಾಕಿಟ್ಟರು. ಸಂಘಗಳು ನಡೆಯುವುದೇ ಹೀಗಂತೆ.

ಸಂಘದಲ್ಲಿ ಮಾವನವರಿಗೊಬ್ಬ ಕಾಯಂ ವಿರೋಧಿ ಇದ್ದಾರೆ, ಶಿರೂರಿನ ವಾರಪತ್ರಿಕೆಯ ಸಂಪಾದಕರು. ಸಭೆಯಲ್ಲಿ ಮಾವ ಚಹಾ ಎಂದರೆ ಅವರಿಗೆ ಮಜ್ಜಿಗೆ ಬೇಕು. ಕಳೆದ ಮಳೆಗಾಲದಲ್ಲಿ ಅವರ ಮುದ್ರಣಯಂತ್ರ ಕೆಟ್ಟಿತು, ಅದೇ ಹೊತ್ತಿಗೆ ಅವರೂ ಆಸ್ಪತ್ರೆ ಸೇರಿದರು. ಸಂಚಿಕೆ ತಪ್ಪಿದರೆ ಸರ್ಕಾರಿ ಜಾಹೀರಾತಿಗೆ ಕುತ್ತು. ಅದಿಲ್ಲದೆ ಅಂಥ ಪತ್ರಿಕೆ ಉಳಿಯುವುದಿಲ್ಲ.

"ಸಂಘ ಇರೂದು ಮತ್ತ ಯಾಕ? ನಮ್ಮಲ್ಲೇ ಅಚ್ಚು ಹಾಕೂಣು" ಎಂದರು ಮಾವ. ಈ ಸಲ ಅನುಮೋದಕರನ್ನು ಕೇಳಲಿಲ್ಲ.

ಸಂಪಾದಕರ ಹೆಂಡತಿ ಪುಟಗಳನ್ನು ಮೊಬೈಲಿಗೆ ಕಳಿಸಿದರು. ಮಾವ ಕನ್ನಡಕ ಹುಡುಕುತ್ತಿದ್ದರು, ನಾನೇ ನೋಡಿದೆ. ಪುಟಗಳ ನಡುವೆ ಒಂದು ಸಾಲು: "ಅಗ್ರಲೇಖ ಖಾಲೀ ಆಹೇ."

"ಮಾವ, ಸಂಪಾದಕೀಯ ಖಾಲಿಯಂತೆ."

"ಅದೇನ ಹೊಸಾದಲ್ಲ. ಅಂವ ಬರದಾಗೂ ಖಾಲೀನ ಇರ್ತದ."

ಅತ್ತೆಗೆ ನಗು ತಡೆಯಲಾಗಲಿಲ್ಲ. "ಮರಾಠಿಯೊಳಗ ಖಾಲೀ ಅಂದ್ರ ಕೆಳಗ ಅಂತ. ಕೆಳಗ ಸರಸಿ ನೋಡು."

ಸರಿಸಿದೆ. ಇತ್ತು, ಆಸ್ಪತ್ರೆ ಸೇರುವ ಮುಂಚೆಯೇ ಬರೆದಿಟ್ಟದ್ದು. ಅತ್ತೆ ಓದುತ್ತ ಹೋದಂತೆ ಅವರ ನಗು ಇಳಿಯಿತು. ಸಂಘವನ್ನು ತಮ್ಮ ಮನೆಯ ಅಡುಗೆಕೋಣೆ ಮಾಡಿಕೊಂಡ ಕಾರ್ಯದರ್ಶಿ ಕೂಡಲೇ ರಾಜೀನಾಮೆ ಕೊಡಬೇಕಂತೆ!

ನನಗೆ ಸಿಟ್ಟು ನೆತ್ತಿಗೇರಿತು. "ಇದನ್ನ ಬಿಟ್ಟು ಅಚ್ಚು ಹಾಕಿ, ಖಾಲಿ ಅಂತ ತಿಳ್ಕೊಂಡ್ವಿ ಅಂದುಬಿಡೋಣ ಮಾವ. ಸೊಸೆಗೆ ಮರಾಠಿ ಬರಲ್ಲ ಅಂದ್ರೆ ಮುಗೀತು."

ಮಾವ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ತಮ್ಮನ್ನು 'ಹಟವಾದಿ' ಎಂದಲ್ಲಿ ಒಂದು ಅಕ್ಷರ ಬಿಟ್ಟುಹೋಗಿತ್ತು, ಸೇರಿಸಿದರು. "ಬೈಯೂದಾದ್ರೂ ಶುದ್ಧ ಬೈಬೇಕಲ್ಲ" ಎಂದು ಯಂತ್ರ ಶುರು ಮಾಡಿಸಿದರು.

ಪತ್ರಿಕೆಯ ಕಟ್ಟುಗಳನ್ನು ಶಿರೂರಿಗೆ ಒಯ್ದದ್ದು ಮಾವ ಮತ್ತು ನಾನು, ಇಬ್ಬರೇ. ದಾರಿಯಲ್ಲಿ, "ಬೇಜಾರಾಗಲಿಲ್ವಾ ಮಾವ?" ಎಂದು ಕೇಳಿದೆ.

"ಆತು, ಭಾಳ ಆತು. ಆದ್ರ ಅದು ಅವನ ಪೇಪರ್."

ಆಸ್ಪತ್ರೆಯಲ್ಲಿ ಸಂಪಾದಕರು ಮಲಗಿದ್ದಲ್ಲೇ ಪತ್ರಿಕೆ ಬಿಡಿಸಿದರು. ಅಗ್ರಲೇಖದ ಪುಟಕ್ಕೆ ಬಂದಾಗ ಅವರ ಕೈ ನಿಂತಿತು. ಮಾವನನ್ನು ನೋಡಿದರು, ಮತ್ತೆ ಪುಟ ನೋಡಿದರು, ಕಣ್ಣು ಒರೆಸಿಕೊಂಡರು. ಈ ಮನುಷ್ಯನ ಸೊಸೆ ನಾನು ಎಂದು ಅಲ್ಲಿದ್ದವರಿಗೆಲ್ಲ ಹೇಳಬೇಕೆನಿಸಿತು. ಮಾವ ಅವರ ಪಕ್ಕ ಕುಳಿತು ಮರಾಠಿಯಲ್ಲಿ ಹೇಳಿದ್ದು ನನಗೂ ಅರ್ಥವಾಯಿತು:

"ಬೇಗ ಎದ್ದು ಬಾ. ಇದಕ್ಕೆ ಉತ್ತರ ಬರೆದಿಟ್ಟಿದ್ದೇನೆ. ಓದಿ ಜಗಳಾಡಲು ನೀನು ಬೇಕು."