ಸೊಸೆಗೆ ಬಡಿಸಿದ ಎರಡು ಹೋಳಿಗೆ

ಬಡಿಸುವಾಗ ‘ಸಾಕು’ ಎಂಬ ಮಾತು ನನ್ನ ಕಿವಿಗೆ ಬೀಳುವುದಿಲ್ಲ. ಡಾಕ್ಟರು ಕಿವಿ ಸರಿಯಾಗಿದೆ ಎಂದಿದ್ದಾರೆ, ದೋಷವೇನಿದ್ದರೂ ತವರಿನದು. ಧಾರವಾಡದಲ್ಲಿ ನಮ್ಮಜ್ಜಿ, ಬೇಡವೆಂದು ಎಲೆಗೆ ಅಡ್ಡ ಹಿಡಿದ ಕೈಯ ಮೇಲೇ ತುಪ್ಪ ಸುರಿದುಬಿಡುತ್ತಿದ್ದಳು. ಪುಣೆಯ ಧನಕವಡಿಗೆ ಬಂದು ಮೂವತ್ತು ವರ್ಷವಾದರೂ ನಾನು ಆಕೆಯ ಮೊಮ್ಮಗಳೇ. ಇಂಥ ನನಗೆ ದೇವರು ಕೊಟ್ಟ ಸೊಸೆ, ಅನ್ನವನ್ನೂ ತೂಗಿ ಉಣ್ಣುವವಳು.

ವಿದ್ಯಾ ಮದುವೆಯಾಗಿ ಬಂದಾಗ ನೀರಿನ ಕೊಡ ಎತ್ತಲೂ ಗಂಡನನ್ನು ಕರೆಯುತ್ತಿದ್ದಳು. ಹೆರಿಗೆಯ ನಂತರ ಬೆನ್ನುನೋವೆಂದು ಜಿಮ್ಮಿಗೆ ಹೋದವಳು ಅಲ್ಲೇ ಬೇರುಬಿಟ್ಟಳು. ಈಗ ರಾಜ್ಯಮಟ್ಟದ ಚಾಂಪಿಯನ್. ಬಾಡಿಬಿಲ್ಡಿಂಗಿಗೂ ಸೈ, ಪವರ್‌ಲಿಫ್ಟಿಂಗಿಗೂ ಸೈ. ಮೊದಲ ಸಲ ಅವಳು ಎರಡು ತುಂಡು ಬಟ್ಟೆಯಲ್ಲಿ ವೇದಿಕೆ ಹತ್ತಿದಾಗ ನಾನು ಸೆರಗಿನಿಂದ ಕಣ್ಣು ಮುಚ್ಚಿಕೊಂಡಿದ್ದೆ. ಮೂರನೆಯ ಸಲದ ಹೊತ್ತಿಗೆ, ನಮ್ಮ ಹುಡುಗಿಯ ಬೆನ್ನನ್ನು ಜಡ್ಜು ಸರಿಯಾಗಿ ನೋಡಲೇ ಇಲ್ಲವೆಂದು ಪಕ್ಕದ ಕುರ್ಚಿಯವರೊಡನೆ ಮರಾಠಿಯಲ್ಲಿ ಜಗಳಕ್ಕೆ ನಿಂತಿದ್ದೆ.

ಕಳೆದ ವರ್ಷ ಪವರ್‌ಲಿಫ್ಟಿಂಗ್ ಸ್ಪರ್ಧೆಯ ಹಿಂದಿನ ದಿನ ಮನೆಯಲ್ಲಿ ಹೋಳಿಗೆ ಮಾಡಿದ್ದೆ. ‘ಅತ್ತಿಯವರ, ನಾಳೆ ಮುಂಜಾನೆ ತೂಕ ಅದ. ಅರವತ್ಮೂರು ಕಿಲೋ ದಾಟಿದ್ರ ನನ್ನ ಗುಂಪಿನ್ಯಾಗ ಇಳೀಲಿಕ್ಕೆ ಬಿಡೂದಿಲ್ರಿ,’ ಎಂದಳು.

‘ನನ್ನ ಸಲುವಾಗಿ ಒಂದು,’ ಎಂದೆ.

ಒಂದು ಎರಡಾಯಿತು. ಮೇಲೆ ತುಪ್ಪ, ಬಟ್ಟಲು ತುಂಬ ಹಾಲು. ಕಬ್ಬಿಣಕ್ಕೆ ಬಗ್ಗದವಳು ನನ್ನ ಒತ್ತಾಯಕ್ಕೆ ಬಗ್ಗಿದಳು.

ಮರುದಿನ ತೂಕದ ಯಂತ್ರ ಇನ್ನೂರು ಗ್ರಾಂ ಹೆಚ್ಚು ತೋರಿಸಿತು. ತೂಕ ನೋಡುವುದು ಮುಗಿಯಲು ಇನ್ನೊಂದು ತಾಸಿತ್ತು. ಅಷ್ಟರಲ್ಲಿ ಇಳಿಸದಿದ್ದರೆ ವರ್ಷದ ಬೆವರೆಲ್ಲ ನೀರುಪಾಲು. ವಿದ್ಯಾ ಬೆವರಿಳಿಸಲೆಂದು ಎರಡು ಸ್ವೆಟರಿನ ಮೇಲೆ ರೇನ್‌ಕೋಟು ತೊಟ್ಟು ಕ್ರೀಡಾಂಗಣದ ಮೆಟ್ಟಿಲು ಹತ್ತಿ ಇಳಿಯತೊಡಗಿದಳು. ಬೈದಿದ್ದರೆ ನಾನೂ ಎರಡು ಮಾತಾಡಿ ಸುಮ್ಮನೆ ಕೂತಿರುತ್ತಿದ್ದೆ. ಬೈಯಲಿಲ್ಲವಲ್ಲ, ಕೂಡಲಾಗದೆ ಸೆರಗು ಸಿಕ್ಕಿಸಿ ಅವಳ ಹಿಂದೆ ಹೊರಟೆ.

‘ನೀವ್ಯಾಕ ಬಂದ್ರಿ?’

‘ಹೋಳಿಗಿ ಬಡಿಸಿದಾಕಿ ನಾನೇ ಅಲ್ಲೇನು? ನಡಿ ಮುಂದ!’

ಹತ್ತು ನಿಮಿಷ ಉಳಿದಿರುವಾಗ ಯಂತ್ರ ಒಪ್ಪಿತು. ಅಂದು ಅವಳಿಗೆ ಚಿನ್ನದ ಪದಕ ಬಂತು, ನನಗೆ ಮಂಡಿನೋವು.

ಮಂಡಿಗೆ ಅದೇ ಮದ್ದೆಂದು ಈಗ ನನ್ನನ್ನೂ ಜಿಮ್ಮಿಗೆ ಕರೆದೊಯ್ಯುತ್ತಾಳೆ. ಕುರ್ಚಿ ಹಿಡಿದು ಹತ್ತು ಬೈಠಕ್ ಹೊಡೆದು, ‘ಸಾಕವಾ ತಾಯಿ,’ ಎನ್ನುತ್ತೇನೆ.

‘ಹಂಗಂದ್ರ ಹೆಂಗ್ರಿ ಅತ್ತಿಯವರ? ನನ್ನ ಸಲುವಾಗಿ ಇನ್ನೊಂದು!’

ಒಂದು ಎರಡಾಗುತ್ತದೆ. ಎಷ್ಟೆಂದರೂ ನನ್ನ ಕೈಯಲ್ಲಿ ಉಂಡವಳು. ‘ಸಾಕು’ ಎಂಬುದು ಈಗ ಅವಳಿಗೂ ಕೇಳಿಸುವುದಿಲ್ಲ.